ಮೈಸೂರು ಶೈಲಿ ಚಿತ್ರಗಳ ವೆಬ್‌ಸೈಟ್: ಚಿನ್ನದ ರೇಕು ಕಪ್ಪಾಗಿ ಬರುತ್ತಿದೆ, ಪುಟ ತೆರೆಯುತ್ತಿಲ್ಲ

ಪ್ರಶ್ನೆ
ಮಲ್ಲೇಶ್ವರದ ಕಲಾವಿದೆಯೊಬ್ಬರಿಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಮೈಸೂರು ಸಾಂಪ್ರದಾಯಿಕ ಶೈಲಿ, ಸುಮಾರು 60 ಚಿತ್ರ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಮಳಿಗೆ ಮುಂದೆ ಕ್ಯೂಆರ್ ಕೋಡ್ ಇಡಬೇಕಂತೆ. ಮೊದಲ ಪುಟವೇ 38 ಎಂಬಿ, ಫೋನಲ್ಲಿ ತೆರೆಯುವುದೇ ಇಲ್ಲ. ಫೋಟೊಗಳಲ್ಲಿ ರೇಕು (ಚಿತ್ರಕ್ಕೆ ಅಂಟಿಸುವ ಚಿನ್ನದ ತೆಳು ಹಾಳೆ) ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೆಳ್ಳಗೆ. ಫೋಟೊಶಾಪಿನಲ್ಲಿ ಸರಿಯಿದ್ದ ಬಣ್ಣ ಸೈಟಿನಲ್ಲಿ ಮಂಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1
ಫೋಟೊದಿಂದಲೇ ಶುರು ಮಾಡಿ. ಅದು ಕೆಟ್ಟರೆ ಡಿಸೈನ್ ಎಷ್ಟು ಚೆನ್ನಾಗಿದ್ದರೂ ದಂಡ.

ರೇಕು ತನ್ನ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗೆ ಕತ್ತಲಿದ್ದರೆ ಕಪ್ಪು, ದೀಪ ನೇರವಾಗಿ ಕಂಡರೆ ಬಿಳಿ. ಚೌಕಟ್ಟಿನ ಗಾಜು ತೆಗೆಸಿ. ಒಂದೇ ಬಗೆಯ ಎರಡು ದೀಪಗಳನ್ನು ಎಡಬಲಕ್ಕೆ 45 ಡಿಗ್ರಿಯಲ್ಲಿಟ್ಟು, ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಚಿತ್ರದ ಎದುರಿಗೆ ದೊಡ್ಡ ಬಿಳಿ ಬಟ್ಟೆ ಇಳಿಬಿಟ್ಟು, ಅದರಲ್ಲಿ ಲೆನ್ಸ್ ತೂರುವಷ್ಟು ತೂತು ಮಾಡಿ ಅಲ್ಲಿಂದ ತೆಗೆಯಿರಿ. ಆಗ ಚಿನ್ನ ಚಿನ್ನದ ಹಾಗೇ ಕಾಣುತ್ತದೆ. ದೀಪಕ್ಕೂ ಲೆನ್ಸಿಗೂ ಪೋಲರೈಸರ್ (ಪ್ರತಿಫಲನ ತಡೆಯುವ ಫಿಲ್ಟರ್) ಹಾಕುವ ಸಲಹೆ ತೈಲಚಿತ್ರಕ್ಕೆ ಸರಿ. ಇಲ್ಲಿ ರೇಕಿನ ಹೊಳಪೇ ಸತ್ತುಹೋಗುತ್ತದೆ.

ಗೆಸ್ಸೊ ಕೆಲಸದ (ರೇಕಿನ ಕೆಳಗೆ ಹಚ್ಚುವ ಲೇಪ) ಉಬ್ಬು ಕಾಣಲು ಬೇರೆಯೇ ಒಂದು ಕ್ಲೋಸಪ್ ಬೇಕು: ಒಂದೇ ದೀಪ, ಪಕ್ಕದಿಂದ, ಚಿತ್ರಕ್ಕೆ ಸವರಿದಂತೆ ಬೀಳಲಿ. ದೇವಿಯ ಕಿರೀಟದ ಒಂದೊಂದು ಚುಕ್ಕಿಗೂ ನೆರಳು ಬರುತ್ತದೆ. ಕೊಳ್ಳುವವರು ನೋಡುವುದು ಅದನ್ನೇ. ಫೋನಿನಲ್ಲಿ ತೆಗೆಯುವುದಾದರೆ 2ಎಕ್ಸ್ ಜೂಮ್ ಇಟ್ಟು ದೂರ ನಿಲ್ಲಿ, ಇಲ್ಲದಿದ್ದರೆ ಮಂಟಪದ ಕಂಬಗಳು ಬಾಗುತ್ತವೆ.

ಉತ್ತರ 2
ಮಂಕು ಬಣ್ಣಕ್ಕೆ ಕಾರಣ ಬಹುತೇಕ ಫೋಟೊದ ಬಣ್ಣದ ಮಾದರಿ, ಅಂದರೆ ಅಡೋಬಿ ಆರ್‌ಜಿಬಿ. ಅಪ್‌ಲೋಡ್ ಆಗುವಾಗ ಪ್ರೊಫೈಲ್ (ಬಣ್ಣಗಳನ್ನು ಹೇಗೆ ಓದಬೇಕೆಂಬ ಮಾಹಿತಿ) ಕಳಚಿಹೋಗಿ, ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ (ವೆಬ್ಬಿನ ಸಾಮಾನ್ಯ ಬಣ್ಣದ ಮಾದರಿ) ಎಂದುಕೊಳ್ಳುತ್ತದೆ. ಫೋಟೊಶಾಪಿನಲ್ಲಿ ‘ಕನ್ವರ್ಟ್ ಟು ಪ್ರೊಫೈಲ್’ ಕೊಟ್ಟು ಎಸ್‌ಆರ್‌ಜಿಬಿಗೆ ಬದಲಿಸಿ. ‘ಅಸೈನ್’ ಒತ್ತಬೇಡಿ, ಬಣ್ಣ ಇನ್ನೂ ಕೆಡುತ್ತದೆ.

ಮೊದಲ ಪುಟಕ್ಕೆ 12 ಚಿತ್ರ ಸಾಕು. ಅಲ್ಲಿ 600 ಪಿಕ್ಸೆಲ್ ಅಗಲ, ಒಳಪುಟದಲ್ಲಿ ಉದ್ದದ ಬದಿ 1600, ವೆಬ್‌ಪಿ (ಫೈಲ್ ಚಿಕ್ಕದಾಗಿಸುವ ಚಿತ್ರ ಮಾದರಿ), ಕ್ವಾಲಿಟಿ 80. ಇಡೀ ಮೊದಲ ಪುಟ 1 ಎಂಬಿ ಒಳಗಿರಲಿ. ಸಂತೆ ದಿನ ಕುಮಾರಕೃಪಾ ರಸ್ತೆಯ ಜನಜಂಗುಳಿಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ (ಅಲ್ಲಿಗೆ ಸ್ಕ್ರಾಲ್ ಮಾಡಿದಾಗ ಮಾತ್ರ ಚಿತ್ರ ಇಳಿಯುವುದು) ಹಾಕಿ, ಮೇಲಿನ ಮೊದಲ ಚಿತ್ರಕ್ಕೆ ಬೇಡ, ಅದೇ ತಡವಾಗುತ್ತದೆ. ಮನೆಯಲ್ಲಿ ತೆಗೆದ ಫೋಟೊಗಳಿಂದ ಲೊಕೇಶನ್ ಮಾಹಿತಿ ಅಳಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅವರ ಮನೆ ಎಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು.

ಉತ್ತರ 3
ಕ್ಯೂಆರ್ ಕೋಡ್ ನೇರ ಅವರ ಸ್ವಂತ ಡೊಮೇನಿಗೇ (ವೆಬ್ ವಿಳಾಸಕ್ಕೇ) ಹೋಗಲಿ. ಮಧ್ಯೆ ಬೇರೆ ಕಂಪನಿಯ ಕೊಂಡಿ ಇರುವ ಉಚಿತ ‘ಡೈನಾಮಿಕ್’ ಕೋಡುಗಳು ಅವಧಿ ಮುಗಿದರೆ ಕೆಲಸ ಮಾಡುವುದಿಲ್ಲ, ಅಷ್ಟರಲ್ಲಿ ಕಾರ್ಡು ಅಚ್ಚಾಗಿರುತ್ತದೆ. ಒಂದು ಮೀಟರ್ ದೂರದಿಂದ ಸ್ಕ್ಯಾನ್ ಆಗಬೇಕಾದರೆ ಕೋಡ್ 10 ಸೆಂ.ಮೀ. ಇರಲಿ, ಸುತ್ತ ಬಿಳಿ ಅಂಚು ಬಿಡಿ. ಡೊಮೇನ್ ಕಲಾವಿದೆಯ ಹೆಸರಿನಲ್ಲೇ ನೋಂದಾಯಿಸಿ, ನಿಮ್ಮ ಹೆಸರಿನಲ್ಲಿ ಬೇಡ.

ಪ್ರತಿ ಚಿತ್ರದ ಕೆಳಗೆ ಶೀರ್ಷಿಕೆ, ವರ್ಷ, ಮಾಧ್ಯಮ, ಎತ್ತರ × ಅಗಲ. ಚೌಕಟ್ಟು ಸೇರಿಸಿಯೋ ಬಿಟ್ಟೋ ಎಂದು ಸ್ಪಷ್ಟವಾಗಿ ಹೇಳಿ. ಕನ್ನಡ ಪಠ್ಯಕ್ಕೆ ಲೈನ್‌ಹೈಟ್ (ಸಾಲಿನ ಎತ್ತರ) 1.6 ಕೊಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಪ್ರಶ್ನೆ ಕೇಳಿದವರು
ತುಂಬ ಉಪಕಾರವಾಯಿತು. ಬೆಲೆ ಹಾಕಬೇಕೇ?

ಉತ್ತರ 3
ಹಾಕಿ. ಕೇಳಲು ಸಂಕೋಚಪಟ್ಟು ಸುಮ್ಮನೆ ಹೋಗುವವರೇ ಹೆಚ್ಚು. ಮಾರಾಟವಾದದ್ದನ್ನು ತೆಗೆಯದೆ ‘ಮಾರಾಟವಾಗಿದೆ’ ಎಂದು ಬರೆದು ಅಲ್ಲೇ ಬಿಡಿ, ಅಂಥದ್ದೇ ಇನ್ನೊಂದು ಬರೆದುಕೊಡಿ ಎಂದು ಕೇಳುವವರು ಅದನ್ನು ನೋಡಿಯೇ ಬರುತ್ತಾರೆ.