ಬಿಲ್ಲಿನ ಕಟ್ಟಿಗೆ: ಪೊದೆಯೋ, ಗಿಡವೋ, ಕಂಟಿಯೋ?

ಮಾನ್ಯರೆ,

ಹಳೆಯ ಕ್ರಮದಲ್ಲಿ ಕಟ್ಟಿಗೆಯ ಬಿಲ್ಲನ್ನು ಕೆತ್ತುವ ವಿಧಾನ ಕುರಿತು ಬಾಗಲಕೋಟೆಯಲ್ಲಿ ಕುಳಿತು ಒಂದು ಕೈಪಿಡಿ ಬರೆಯುತ್ತಿದ್ದೇನೆ. ದೊಡ್ಡ ಮರವನ್ನು ಸೀಳಿ ತೆಗೆದ ತುಂಡಿನಿಂದ ಮಾತ್ರವಲ್ಲದೆ, ಬುಡದಲ್ಲೇ ಹಲವು ಕಾಂಡಗಳಾಗಿ ಏಳುವ ಹೇಝಲ್‌ನಂತಹ ಸಣ್ಣ ಸಸ್ಯಗಳ ನೆಟ್ಟನೆಯ ಕಾಂಡದಿಂದಲೂ ಒಳ್ಳೆಯ ಬಿಲ್ಲಾಗುತ್ತದೆ. ಈ ಎರಡನೆಯ ಬಗೆಯ ಕಟ್ಟಿಗೆಯನ್ನು ಏನೆಂದು ಕರೆಯಬೇಕೆಂಬಲ್ಲಿ ನನ್ನ ಬರವಣಿಗೆ ನಿಂತಿದೆ.

ನಮ್ಮ ಭಾಗದಲ್ಲಿ ‘ಗಿಡ’ ಎಂದರೆ ಮರವೂ ಹೌದು. ಮೂವರು ತಬ್ಬಿದರೂ ಸಾಲದ ಹುಣಸೆಯನ್ನು ನಾವು ಹುಣಸಿ ಗಿಡ ಎಂದೇ ಅನ್ನುತ್ತೇವೆ. ಮೈಸೂರಿನ ಕಡೆಯ ಓದುಗರಿಗೆ ಗಿಡ ಎಂದರೆ ಸಣ್ಣದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, 5000 ವರ್ಷಗಳಿಗೂ ಹಿಂದಿನ ಮನುಷ್ಯನ ಬಳಿಯಿದ್ದ ಬಿಲ್ಲು ಯೂ ಮರದ್ದು, ಬಾಣದ ಕೋಲುಗಳು ವೈಬರ್ನಮ್ ಎಂಬ ಸಣ್ಣ ಸಸ್ಯದವು ಎಂದು ಬರೆಯಹೊರಟರೆ, ನಮ್ಮೂರ ಮಾತಿನಲ್ಲಿ ಎರಡೂ ‘ಗಿಡದ ಕಟ್ಟಿಗಿ’ಯೇ ಆಗಿಬಿಡುತ್ತವೆ.

ಈ ಭೇದ ಕೆಲಸಕ್ಕೂ ಬೇಕಾದದ್ದು. ತೆಳ್ಳನೆಯ ಕಾಂಡದಿಂದ ಮಾಡಿದ ಬಿಲ್ಲಿನ ಬೆನ್ನು, ಎಂದರೆ ಬಾಣ ಬಿಡುವವನಿಗೆ ಆಚೆಯಾಗುವ ಮೈ, ಚಪ್ಪಟೆಯಾಗಿರದೆ ದುಂಡಗಿರುವುದರಿಂದ, ಹೆದೆಯನ್ನು ಸೆಳೆದಾಗ ಎಳೆತವೆಲ್ಲ ಆ ದುಂಡಿನ ನೆತ್ತಿಯ ಮೇಲೆ ಬೀಳುತ್ತದೆ. ಆದ್ದರಿಂದ ತೊಗಟೆಯನ್ನಷ್ಟೇ ಸುಲಿದು, ಅದರ ಕೆಳಗಿನ ಪದರಕ್ಕೆ ಉಳಿ ತಾಗದಂತೆ ಕಾಯ್ದು, ಕೆತ್ತುವುದನ್ನೆಲ್ಲ ಒಳಮೈಯಲ್ಲೇ, ಎಂದರೆ ಬಾಣ ಬಿಡುವವನ ಕಡೆಗಿರುವ ಮೈಯಲ್ಲೇ, ಕೆತ್ತಬೇಕು. ‘ಗಿಡ’ವನ್ನು ಮರವೆಂದು ತಿಳಿದು ದಿಮ್ಮಿ ಸೀಳಲು ಹೊರಟವನಿಗೆ ಈ ಸೂಚನೆಯ ಅರ್ಥವೇ ಆಗುವುದಿಲ್ಲ. ಖಾನಾಪುರದ ಕಾಡಿನ ದಡಸಲು, ಮರಾಠಿಯವರ ಧಾಮಣ, ಚೆನ್ನಾಗಿ ಬಾಗುವ ಕಟ್ಟಿಗೆಯೆಂದು ಹೆಸರಾದದ್ದು; ಆದರೆ ಅದು ಮರವೇ ಆದ್ದರಿಂದ ಇಲ್ಲಿ ಉದಾಹರಣೆಗೆ ಒದಗುವುದಿಲ್ಲ.

‘ಪೊದೆ’ ನನಗೆ ಒಪ್ಪಿಗೆಯಾಗಿಲ್ಲ. ಅದು ಒತ್ತಾಗಿ ಬೆಳೆದ ಹಿಂಡನ್ನು ಹೇಳುತ್ತದೆಯೇ ಹೊರತು ಒಂದು ಕಾಂಡವನ್ನಲ್ಲ. ಮೇಲಾಗಿ ‘ಹೊದೆ’ಗೆ ಕಾವ್ಯಗಳಲ್ಲಿ ಬಾಣಗಳ ಕಟ್ಟು ಎಂಬ ಅರ್ಥವಿರುವುದರಿಂದ, ಬಿಲ್ಲಿನ ಪ್ರಸಂಗದಲ್ಲೇ ಗೊಂದಲಕ್ಕೆ ಎಡೆಯಾಗುತ್ತದೆ.

ಉಳಿದದ್ದು ‘ಕಂಟಿ’. ಬಾರಿ ಕಂಟಿ, ಕವಳಿ ಕಂಟಿ, ಜಾಲಿ ಕಂಟಿ ಎಂದು ದಿನವೂ ಕೇಳುವ ಮಾತು ಇದು. ‘ಕಂಟಿಗಟ್ಟಿಗೆ’ ಎಂಬ ಸಮಾಸವೂ ಕಿವಿಗೆ ಒಗ್ಗುತ್ತದೆ. ತೊಡಕು ಒಂದೇ: ನಾನು ಕೇಳಿದ ಕಂಟಿಗಳೆಲ್ಲ ಮುಳ್ಳಿನವು, ಹೇಝಲ್‌ಗೆ ಮುಳ್ಳಿಲ್ಲ.

ಬಿಲ್ಲಿನ ಭಾಗಗಳಲ್ಲಿ ಇಷ್ಟು ತೊಂದರೆಯಿಲ್ಲ. ಹೆದೆ ಸಿಕ್ಕಿಸುವ ತುದಿಗೆ ‘ಕೊಪ್ಪು’ ಎಂಬ ಹಳೆಯ ಪದವನ್ನೇ ಉಳಿಸಿಕೊಂಡಿದ್ದೇನೆ. ಇಂಗ್ಲಿಷಿನವರು ಹೊಟ್ಟೆ ಎನ್ನುವ ಭಾಗವನ್ನು ‘ಒಳಮೈ’ ಎಂದಿದ್ದೇನೆ. ಹೆದೆಯೇರಿದ ಬಿಲ್ಲಿನಲ್ಲಿ ಆ ಭಾಗ ಒಳಕ್ಕೆ ಬಾಗಿರುವಾಗ, ಉಬ್ಬನ್ನು ನೆನಪಿಸುವ ಹೊಟ್ಟೆ ಅಲ್ಲಿ ಸಲ್ಲದು.

ಇಂಡಿ, ಸಿಂದಗಿ, ಅಥಣಿ, ರಾಯಬಾಗದ ಕಡೆಯವರು ದಯವಿಟ್ಟು ತಿಳಿಸಬೇಕು: ಮುಳ್ಳಿಲ್ಲದ ಸಸ್ಯವನ್ನೂ ನಿಮ್ಮಲ್ಲಿ ‘ಕಂಟಿ’ ಎನ್ನುತ್ತಾರೆಯೇ? ಇಲ್ಲವಾದರೆ, ಅದಕ್ಕೆ ಹಿರಿಯರ ಬಾಯಲ್ಲಿ ಬೇರೆ ಯಾವ ಮಾತಿದೆ?