ಪದಚರ್ಚೆ: ‘ಪೊಲೀಸ್ ದೂರು’ ಎಂದರೆ ಯಾರ ಮೇಲಿನ ದೂರು?

ತುಮಕೂರಿನಿಂದ:

ಠಾಣೆಯೊಂದರ ಬಾಗಿಲಲ್ಲಿ ಹಾಕುವ ಫಲಕದ ಬರಹವನ್ನು ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಕೊಡಬೇಕಾಗಿರುವುದರಿಂದ ತುರ್ತಾಗಿ ಕೇಳುತ್ತಿದ್ದೇನೆ. ಠಾಣೆಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇರಬೇಕೆಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು, ಕ್ಯಾಮೆರಾ ಇರುವ ಸಂಗತಿಯನ್ನೂ, ಮಾನವ ಹಕ್ಕುಗಳ ಉಲ್ಲಂಘನೆಯಾದರೆ ದೂರು ಕೊಡಲು ಜನರಿಗಿರುವ ಹಕ್ಕನ್ನೂ ಸ್ಥಳೀಯ ಭಾಷೆಯಲ್ಲಿಯೂ ದೊಡ್ಡದಾಗಿ ಬರೆದು ಹಾಕಬೇಕೆಂದು ಹೇಳಿದೆ. ಜೊತೆಗೆ ‘ಪೊಲೀಸ್ ದೂರು ಪ್ರಾಧಿಕಾರ’ದ ಹೆಸರನ್ನೂ ಸೇರಿಸಲು ನನಗೆ ತಿಳಿಸಿದ್ದಾರೆ. ತೊಡಕಿರುವುದು ಈ ಹೆಸರಿನಲ್ಲೇ. ಪೊಲೀಸ್ ಸುಧಾರಣೆಗೆ ಸಂಬಂಧಿಸಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ ಇದು ನಿವೃತ್ತ ನ್ಯಾಯಾಧೀಶರ ನೇತೃತ್ವದಲ್ಲಿ ಪೊಲೀಸರ ಮೇಲಿನ ದೂರುಗಳನ್ನೇ ವಿಚಾರಿಸಬೇಕಾದ ಸಂಸ್ಥೆ, ಆದರೆ ಕರಡನ್ನು ಓದಿದ ಮಧುಗಿರಿ ಕಡೆಯ ರೈತರೊಬ್ಬರು, “ಪೊಲೀಸ್ನೋರು ದೂರು ತಗೊಳ್ಳೋ ಇನ್ನೊಂದು ಆಫೀಸಾ ಸ್ವಾಮಿ?” ಎಂದು ಕೇಳಿದರು. ‘ಪೊಲೀಸರ ಮೇಲೆ’, ‘ವಿರುದ್ಧ’, ‘ಕುರಿತು’ ಇವುಗಳಲ್ಲಿ ಯಾವುದನ್ನು ಬಳಸಲಿ?

ಕೋಲಾರದಿಂದ:

ಅದು ಆಮೇಲಿನ ಮಾತು, ಮೊದಲು ಪದವನ್ನು ನೋಡಿ. ‘ದೂರು’ ಅಚ್ಚಗನ್ನಡ, ಹಳಗನ್ನಡದಲ್ಲಿ ಶಕಟರೇಫವಿದ್ದ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರವಿದ್ದ) ‘ದೂಱು’. ಸಂಸ್ಕೃತದ ‘ದೂರ’ಕ್ಕೂ ಇದಕ್ಕೂ ನಂಟಿಲ್ಲವೆಂದು ಈ ಬಳಗದಲ್ಲಿ ಎಷ್ಟು ಸಲ ಬರೆಯಬೇಕೋ ತಿಳಿಯದು. ಇಂಥ ಪದಕ್ಕೆ ‘ಪ್ರಾಧಿಕಾರ’ವನ್ನು ಅಂಟಿಸಿದ್ದರಿಂದಲೇ ಅರ್ಥ ಕೆಟ್ಟಿದೆ. ‘ಪೊಲೀಸರ ಮೇಲಣ ದೂರುಕಟ್ಟೆ’ ಎಂದು ಬರೆಯಿರಿ.

ಚಿಕ್ಕಬಳ್ಳಾಪುರದಿಂದ:

‘ದೂರುಕಟ್ಟೆ’ ಹರಟೆಕಟ್ಟೆಯ ತಂಗಿಯಂತಿದೆ, ಬೇಡ. ನ್ಯಾಯಾಲಯದ ಕಡತಗಳನ್ನು ಮೂವತ್ತು ವರ್ಷ ಅನುವಾದಿಸಿದವನಾಗಿ ಹೇಳುತ್ತೇನೆ: ದೂರುವುದೆಂದರೆ ನಿಂದಿಸುವುದು, ಚಾಡಿ ಹೇಳುವುದು ಎಂಬ ನೆರಳು ಆ ಪದಕ್ಕೆ ಇಂದಿಗೂ ಅಂಟಿಕೊಂಡಿದೆ. ಲಾಕಪ್ಪಿನಲ್ಲಿ ಪೆಟ್ಟು ತಿಂದವನ ಮಾತಿಗೆ ‘ಫಿರ್ಯಾದು’ ಹೆಚ್ಚು ಸಲ್ಲುತ್ತದೆ, ಏಕೆಂದರೆ ಪಾರಸಿಯ ‘ಫರ್ಯಾದ್’ ಎಂದರೆ ನೆರವಿಗಾಗಿ ಇಟ್ಟ ಕೂಗು. ತೆಲುಗಿನಲ್ಲೂ ಇದೇ ಪದವಿರುವುದರಿಂದ ಬಾಗೇಪಲ್ಲಿ, ಪಾವಗಡದವರಿಗೂ ತಿಳಿಯುತ್ತದೆ. (ಅದನ್ನು ‘ಪಿರ್ಯಾದಿ’ ಎಂದು ಬರೆಯುವವರೊಂದಿಗೆ ನನಗೆ ಮಾತಿಲ್ಲ.)

ಇನ್ನು ಕೇಳಿದ್ದಕ್ಕೆ ಉತ್ತರ. ‘ಕುರಿತು’ ನುಣುಚಿಕೊಳ್ಳುವ ಪದ. ‘ವಿರುದ್ಧ’ ವ್ಯಾಜ್ಯದ ಭಾಷೆ, ಓದಿದವನು ಇಡೀ ಇಲಾಖೆಯನ್ನೇ ಎದುರು ಹಾಕಿಕೊಂಡೆನೆಂದು ಅಂಜುತ್ತಾನೆ. ಊರಲ್ಲಿ ಜನ ‘ಅವನ ಮೇಲೆ ಕಂಪ್ಲೇಂಟ್ ಕೊಟ್ಟೆ’ ಎಂದೇ ಹೇಳುವುದರಿಂದ ‘ಮೇಲೆ’ ಸಾಕು.

ಕೋಲಾರದಿಂದ:

ಕೂಗಿಗೆ ‘ಮೊರೆ’ ಇರುವಾಗ ಪಾರಸಿ ಏಕೆ? ಠಾಣೆ, ದಫೇದಾರ, ಜಾಮೀನು ಎಂದು ಎಲ್ಲವನ್ನೂ ಕಡ ತಂದದ್ದರಿಂದಲೇ ಜನರಿಗೆ ಆ ಮೆಟ್ಟಿಲು ಹತ್ತಲು ಹೆದರಿಕೆ. ಸಂಸ್ಕೃತದ ‘ಆರಕ್ಷಕ’ ಎಂದು ಬೋರ್ಡು ಬದಲಿಸಿದವರು ಕಡದ ಅಂಗಡಿಯನ್ನಷ್ಟೇ ಬದಲಿಸಿದರು.

ಚಿಕ್ಕಬಳ್ಳಾಪುರದಿಂದ:

ಜನ ಹೆದರುವುದು ಲಾಠಿಗೆ. ಅದೂ ಪರಭಾಷೆಯ ಪದವೆಂದು ತಾವು ಬರೆಯುವ ಮುನ್ನ ನಾನೇ ಹೇಳಿಬಿಡುತ್ತೇನೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ಕ್ಕೆ 2012ರಲ್ಲಿ ತಿದ್ದುಪಡಿ ತಂದು ಸೇರಿಸಿದ ಸಂಸ್ಥೆಯ ಹೆಸರನ್ನು ಫಲಕ ಬರೆಯುವವರು ತಿದ್ದುವಂತಿಲ್ಲ; ಅದು ಯಾರ ಮೇಲಿನ ದೂರನ್ನು ಕೇಳುತ್ತದೆಂಬುದನ್ನು ಹೆಸರಿಗಿಂತ ಮೊದಲೇ ಒಂದು ಸಾಲಿನಲ್ಲಿ ಹೇಳಿದರಾಯಿತು.

ತುಮಕೂರಿನಿಂದ:

ಇಬ್ಬರಿಗೂ ವಂದನೆಗಳು. ‘ಪೊಲೀಸರಿಂದ ನಿಮಗೆ ಅನ್ಯಾಯವಾಗಿದ್ದರೆ ಅವರ ಮೇಲೆ ದೂರು ಕೊಡಬೇಕಾದ ಕಚೇರಿ: ಪೊಲೀಸ್ ದೂರು ಪ್ರಾಧಿಕಾರ’ ಎಂದು ಬರೆದಿದ್ದೇನೆ. ಮಧುಗಿರಿಯವರಿಗೆ ಫೋನಿನಲ್ಲಿ ಓದಿ ಹೇಳಿದಾಗ, ಅದು ಠಾಣೆಯ ಒಳಗಿದೆಯೋ ಹೊರಗಿದೆಯೋ ಎಂದಷ್ಟೇ ಕೇಳಿದರು. ಆದ್ದರಿಂದ ಕೆಳಗೆ ವಿಳಾಸವನ್ನೂ ಸೇರಿಸುತ್ತೇನೆ. ‘ಕಚೇರಿ’ ಎಂಬ ಪದದ ಬಗ್ಗೆ ಕೋಲಾರದವರ ಆಕ್ಷೇಪವಿದ್ದರೆ ದಯವಿಟ್ಟು ನಾಳೆ ಮಧ್ಯಾಹ್ನದ ಮೇಲೆ ಕಳುಹಿಸಬೇಕಾಗಿ ವಿನಂತಿ.