ಮುಂದಿನ ಫೋರ್ಕ್ ಸ್ಪ್ರಿಂಗ್ ಬದಲಿಸಿದವರು ಅನುಭವ ಹೇಳಿ: ಬರೀ ಆಯಿಲ್ ಸಾಕಾ?

ಹೇಮಾವತಿ_411:
ನಮಸ್ಕಾರ. ಹಾಸನದವನು. 2018ರ ಹಿಮಾಲಯನ್ 411, 46,000 ಕಿ.ಮೀ. ಓಡಿದೆ. ಫೋರ್ಕ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್) ಇದುವರೆಗೆ ಬಿಚ್ಚಿಲ್ಲ. ನನ್ನ ತೂಕ 92 ಕೆಜಿ, ಹಿಂದೆ ಹೆಂಡತಿ, ಜೊತೆಗೆ ಎರಡು ಬ್ಯಾಗ್. ಬ್ರೇಕ್ ಹಿಡಿದರೆ ಮೂತಿ ನೆಲಕ್ಕೆ ಹೋಗುತ್ತದೆ. ಕಳೆದ ವಾರ ಶಿರಾಡಿ ಇಳಿಯುವಾಗ ಗುಂಡಿಗೆ ಬಿದ್ದು ಫೋರ್ಕ್ ಪೂರ್ತಿ ಕುಸಿದು ಠಣ್ ಅಂತು. ಬರೀ ಆಯಿಲ್ ಬದಲಿಸಿದರೆ ಸಾಕಾ, ಸ್ಪ್ರಿಂಗೂ ಹಾಕಿಸಬೇಕಾ? ಬಜೆಟ್ 10,000. ಮಾಡಿಸಿದವರು ದಯವಿಟ್ಟು ಹೇಳಿ.

ತುಂಗಾತೀರ:
ಸಾರ್, ಆಯಿಲ್ ಸಾಕು. ನನ್ನದು ಪಲ್ಸರ್ 220. ಕೆಲಸದ ಮೇಲೆ ವಾರಕ್ಕೆರಡು ಸಲ ಶಿವಮೊಗ್ಗದಿಂದ ಆಗುಂಬೆಗೆ ಹೋಗಿ ಬರುತ್ತೇನೆ. ಸ್ಪ್ರಿಂಗ್ ಹೋಗಿದೆ, 6,000 ಆಗುತ್ತೆ ಅಂದ ಒಬ್ಬ ಮೆಕ್ಯಾನಿಕ್. ನಾನು ಒಪ್ಪಲಿಲ್ಲ. ಬೇರೆ ಕಡೆ ಬಿಚ್ಚಿಸಿದೆ. ಹೊರಗೆ ಬಂದದ್ದು ಆಯಿಲ್ ಥರವೇ ಇರಲಿಲ್ಲ. ಬಟ್ಟೆ ಒಗೆದ ನೀರಿನ ಬಣ್ಣ, ಹಳಸಿದ ಮೀನಿನ ವಾಸನೆ. ತಟ್ಟೆಯ ತಳದಲ್ಲಿ ಬೆಳ್ಳಿ ಪುಡಿ ಚೆಲ್ಲಿದ ಹಾಗೆ ಲೋಹದ ಕಣ. ಹೊಸ 15ಡಬ್ಲ್ಯೂ ಆಯಿಲ್ (ನಂಬರ್ ಹೆಚ್ಚಾದಷ್ಟೂ ದಪ್ಪ) ಹಾಕಿಸಿದೆ. ಆಯಿಲ್ 780, ಎರಡೂ ಕಡೆ ಸೀಲ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ರಿಂಗ್) 460, ಕೂಲಿ 600. ಒಟ್ಟು 1,840. ಆಮೇಲೆ 9,000 ಕಿ.ಮೀ. ಓಡಿಸಿದ್ದೇನೆ, ಒಂದು ಹನಿ ಸೋರಿಲ್ಲ. ಹೊಸ ಬೈಕ್ ಓಡಿಸಿದ ಹಾಗಿದೆ. ಸುಮ್ನೆ ಸ್ಪ್ರಿಂಗಿಗೆ ದುಡ್ಡು ಸುರಿಯಬೇಡಿ.

ಪೀಣ್ಯ_ಟ್ವಿನ್:
ಇದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ. ಭಾರ ಹೊರೋದು ಸ್ಪ್ರಿಂಗ್, ಆಯಿಲ್ ಅಲ್ಲ. ಆಯಿಲ್ ಫೋರ್ಕಿನ ಓಟವನ್ನು ನಿಧಾನ ಮಾಡುತ್ತದೆ ಅಷ್ಟೇ. ನೀವು ಕೂತು ಸುಮ್ಮನೆ ನಿಂತಾಗ ಮುಂಭಾಗ ಎಷ್ಟು ಇಳಿಯುತ್ತೋ, ಯಾವ ಆಯಿಲ್ ಹಾಕಿದರೂ ಅಷ್ಟೇ ಇಳಿಯುತ್ತೆ.

ನಾನೂ ಮೊದಲು ಇದೇ ಮಾತು ನಂಬಿ ಇಂಟರ್‌ಸೆಪ್ಟರ್ 650ಗೆ 20ಡಬ್ಲ್ಯೂ ಹಾಕಿಸಿದೆ. ಬ್ರೇಕ್ ಹಿಡಿದಾಗ ಬಗ್ಗೋದು ಸ್ವಲ್ಪ ನಿಧಾನ ಆಯ್ತು, ನಿಜ. ಆದರೆ ಪೀಣ್ಯ ಫ್ಲೈಓವರ್ ಮೇಲೆ ಒಂದೊಂದು ಜಾಯಿಂಟ್ ಬಂದಾಗಲೂ ಮಣಿಕಟ್ಟಿಗೆ ಸುತ್ತಿಗೆ ಏಟು. ಒಳಗಿರೋದು ತೂತು ಕೊರೆದ ಡ್ಯಾಂಪರ್ ರಾಡ್. ಚೂಪಾದ ಏಟು ಬಿದ್ದಾಗ ದಪ್ಪ ಆಯಿಲ್ ಆ ಸಣ್ಣ ತೂತಲ್ಲಿ ಅಷ್ಟು ಬೇಗ ದಾಟೋಕೆ ಆಗಲ್ಲ. ಏಟು ಪೂರ್ತಿ ಕೈಗೆ ಬರುತ್ತೆ. ಎರಡು ತಿಂಗಳು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಆಫೀಸಿಗೆ ಹೋದೆ.

ಕೊನೆಗೆ ನನ್ನ ತೂಕಕ್ಕೆ ಸರಿಯಾದ ಲೀನಿಯರ್ (ಉದ್ದಕ್ಕೂ ಒಂದೇ ಬಿಗಿ ಇರುವ) ಸ್ಪ್ರಿಂಗನ್ನು ಹೊರದೇಶದಿಂದ ತರಿಸಿದೆ. ಸ್ಪ್ರಿಂಗ್ ಮತ್ತು ಕೊರಿಯರ್ 11,400. ಕಸ್ಟಮ್ಸ್ 4,870, ಅದನ್ನು ಬಿಡಿಸಿಕೊಳ್ಳೋಕೆ ಹನ್ನೊಂದು ದಿನ, ಮೂರು ಸಲ ಗುರುತಿನ ಪತ್ರ ಕಳಿಸಿದ್ದು. ಆಯಿಲ್ ಎರಡು ಬಾಟಲಿ 1,700, ಸೀಲ್ ಕಿಟ್ 1,350, ಕೂಲಿ 2,500. ಒಟ್ಟು 21,820. ಈ ಬೈಕಿನ ಫೋರ್ಕ್ ಓಟ, ಅಂದರೆ ಅದು ಒಟ್ಟು ಇಳಿಯಬಲ್ಲ ದೂರ, 110 ಮಿ.ಮೀ. ಮೊದಲು ನಾನು ಕೂತರೆ 44 ಇಳಿಯುತ್ತಿತ್ತು, ಈಗ 32. ಓಟದ ಶೇ. 30ರ ಆಸುಪಾಸು ಇದ್ದರೆ ರಸ್ತೆಗೆ ಸರಿ. ಈಗ ಅದೇ ಫ್ಲೈಓವರ್ ಮೇಲೆ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿಯಬಹುದು. ಒಂದು ರೂಪಾಯಿಗೂ ಬೇಜಾರಿಲ್ಲ.

ತುಂಗಾತೀರ:
21,820! ನಾನು ಆ ದುಡ್ಡಲ್ಲಿ ಹತ್ತು ವರ್ಷ ಫೋರ್ಕ್ ಸರ್ವಿಸ್ ಮಾಡಿಸುತ್ತೇನೆ. ನಿಮಗೆ 20ಡಬ್ಲ್ಯೂ ಹಾಕಿ ಅಂತ ಹೇಳಿದ್ದು ಯಾರು? ನಾನು 15 ಅಂದೆ. ನಿಮ್ಮ ಮಣಿಕಟ್ಟು ನೋವಿಗೆ ನನ್ನನ್ನು ಹೊಣೆ ಮಾಡಬೇಡಿ.

ಕುಡ್ಲ_ಆರ್‌ಎಕ್ಸ್:
ಮಾರಾಯ್ರೆ, ಸ್ಪ್ರಿಂಗ್, ಆಯಿಲ್ ಎರಡೂ ಆಮೇಲೆ. ಮೊದಲು ಫೋರ್ಕಿನ ಪೈಪ್ ನೋಡಿ. ನನ್ನ ಆರ್‌ಎಕ್ಸ್ 100ಗೆ ಹೊಸ ಆಯಿಲ್, ಹೊಸ ಸೀಲ್ ಹಾಕಿಸಿದೆ. ಆರು ದಿನಕ್ಕೆ ಸೋರಿತು. ಸೀಲ್ ಡೂಪ್ಲಿಕೇಟ್ ಅಂದರು, ಇನ್ನೊಂದು ಜೊತೆ ಹಾಕಿದರು. ಎಂಟು ದಿನ. ಮೂರನೇ ಜೊತೆಯೂ ಹೋಯ್ತು. ಪ್ರತಿ ಸಲ ಸೀಲ್ 280, ಕೂಲಿ 250, ಆಯಿಲ್ ಬೇರೆ.

ಕೊನೆಗೆ ಒಬ್ಬ ವಯಸ್ಸಾದ ಟರ್ನರ್ ಪೈಪ್ ಮೇಲೆ ಉಗುರು ಮೇಲಿಂದ ಕೆಳಗೆ ಎಳೆದು ನೋಡಿದರು. ಕಡಲ ಗಾಳಿಗೆ ತುಕ್ಕು ಹಿಡಿದು ಸಾಸಿವೆ ಕಾಳಿನ ಕಾಲು ಭಾಗದಷ್ಟು ಹೊಂಡ. ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಉಗುರಿಗೆ ಸಿಕ್ಕಿತು. ಅದರ ಅಂಚು ಸೀಲಿನ ತುಟಿಯನ್ನು ಪ್ರತಿ ಸಲ ಕೊಯ್ಯುತ್ತಿತ್ತು. ಪೈಪ್ ಬಿಚ್ಚಿ ಹಾರ್ಡ್ ಕ್ರೋಮ್ ಲೇಪನಕ್ಕೆ ಪೀಣ್ಯಕ್ಕೆ ಕಳಿಸಿದೆ. ಹಳೆ ಕ್ರೋಮ್ ತೆಗೆದು, ಹೊಸದು ಹಿಡಿಸಿ, ಗ್ರೈಂಡ್ ಮಾಡಿ ಸೈಜಿಗೆ ತರೋದು: ಜೊತೆಗೆ 2,600. ಬಸ್ ಪಾರ್ಸೆಲ್ ಎರಡು ಕಡೆ 340. ಈಗ ಎರಡು ಮಳೆಗಾಲ ಕಳೆದಿದೆ, ಒಣಗಿಯೇ ಇದೆ.

ಹುಬ್ಳಿ_ಸ್ಪ್ಯಾನರ್:
ಪೈಪ್ ಹೊಸದೇ ಸಿಗುತ್ತಲ್ರೀ, 1,900ಕ್ಕೆ ಜೊತೆ. ಕ್ರೋಮ್ ಯಾಕೆ?

ಕುಡ್ಲ_ಆರ್‌ಎಕ್ಸ್:
ಆ 1,900ರ ಪೈಪನ್ನೂ ತಂದು ನೋಡಿಯೇ ಹೇಳುತ್ತಿದ್ದೇನೆ. ಗಾಜಿನ ಮೇಲೆ ಉರುಳಿಸಿದರೆ ನಡುವೆ ಬೆಳಕು ಕಾಣುತ್ತದೆ. ಹೊಸದೇ ಬೆಂಡ್! ಕಂಪನಿಯಿಂದ ಬಂದ ಪೈಪನ್ನು ಗುಜರಿಗೆ ಹಾಕಿ ಅದನ್ನು ಹಾಕಬೇಕಾ? ಅನುಭವ ಇಲ್ಲದೆ ಮಾತಾಡಬೇಡಿ.

ಹುಬ್ಳಿ_ಸ್ಪ್ಯಾನರ್:
ಅನುಭವ ಕೇಳ್ತೀರಾ? ನನ್ನ ಹಣೆ ಮೇಲೆ ನಾಲ್ಕು ಹೊಲಿಗೆ ಇವೆ. ಮನೆಯಲ್ಲೇ ಮಾಡೋಣ ಅಂತ ಫೋರ್ಕ್ ಕ್ಯಾಪ್ ಬಿಚ್ಚುತ್ತಿದ್ದೆ. ಒಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಅದರ ಮೇಲೆ ನಾನೇ ಕೂರಿಸಿದ್ದ ಪಿವಿಸಿ ಪೈಪ್ ತುಂಡು 20 ಮಿ.ಮೀ. ಜಾಸ್ತಿ ಉದ್ದ. ಕೊನೆಯ ಎರಡು ಎಳೆ ಇರುವಾಗ ಕ್ಯಾಪ್ ಹಾರಿತು. ಮುಖ ಅದರ ನೇರಕ್ಕೇ ಇತ್ತು. ಹೊಲಿಗೆ, ಇಂಜೆಕ್ಷನ್ ಸೇರಿ 2,200. ಈಗ ಕ್ಯಾಪ್ ಮೇಲೆ ದಪ್ಪ ಬಟ್ಟೆ ಹಾಕಿ, ಅಂಗೈ ಒತ್ತಿ, ಮುಖ ಪಕ್ಕಕ್ಕಿಟ್ಟು ಬಿಚ್ಚುತ್ತೇನೆ. ಅದಕ್ಕೂ ಮೊದಲು ಮೇಲಿನ ಕ್ಲ್ಯಾಂಪ್ ಬೋಲ್ಟ್ ಸಡಿಲ ಮಾಡಿ, ಇಲ್ಲದಿದ್ದರೆ ಕ್ಯಾಪ್ ಅಲುಗೋದೇ ಇಲ್ಲ.

ತಳದ ಆಲನ್ ಬೋಲ್ಟ್ ನನ್ನ ಇಡೀ ಭಾನುವಾರ ತಿಂದಿತು. ತಿರುಗಿಸಿದರೆ ಒಳಗಿನ ರಾಡೂ ಜೊತೆಗೇ ತಿರುಗುತ್ತದೆ. ಸ್ಪ್ರಿಂಗ್ ಒಳಗಿರುವಾಗಲೇ ಫೋರ್ಕ್ ಒತ್ತಿ ಹಿಡಿದು ಇಂಪ್ಯಾಕ್ಟ್ ಗನ್ ಕೊಟ್ಟರೆ ಎರಡು ಸೆಕೆಂಡಿನ ಕೆಲಸ. ಗೊತ್ತಾಗಿದ್ದು ಸಂಜೆ ಆರಕ್ಕೆ.

ಇನ್ನೊಂದು. ಆಯಿಲನ್ನು ಮಿಲಿಲೀಟರ್ ಲೆಕ್ಕದಲ್ಲಿ ಸುರಿಯಬೇಡಿ. ಹಳೆಯದು ಪೂರ್ತಿ ಬಸಿಯದೆ ಒಂದು ಕಡೆ ಉಳಿದಿರುತ್ತದೆ. ಸ್ಪ್ರಿಂಗ್ ಹೊರಗೆ ತೆಗೆದು, ಪೈಪ್ ಪೂರ್ತಿ ಒತ್ತಿ, ನಿಧಾನಕ್ಕೆ ಹತ್ತಿಪ್ಪತ್ತು ಸಲ ಪಂಪ್ ಮಾಡಿ ಗಾಳಿ ತೆಗೆದು, ಮೇಲಿನ ಅಂಚಿನಿಂದ ಆಯಿಲಿನವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಎರಡೂ ಕಡೆ ಒಂದೇ ಇರಬೇಕು.

ತುಂಗಾತೀರ:
ನನ್ನ ಮೆಕ್ಯಾನಿಕ್ ಮಿಲಿ ಲೆಕ್ಕದಲ್ಲೇ ಹಾಕಿದ್ದು. ಏನೂ ಆಗಿಲ್ಲ.

ಪೀಣ್ಯ_ಟ್ವಿನ್:
ಏನೂ ಆಗಿಲ್ಲ ಅಂತ ಗೊತ್ತಾಗೋದು ಅಳೆದವರಿಗೆ. ನೀವು ಅಳೆದಿಲ್ಲ.

ಮೈಸೂರು_ರೋಡ್‌ಕಿಂಗ್:
ಇಷ್ಟೊಂದು ರಾದ್ಧಾಂತ ಯಾಕಪ್ಪಾ? ನಮ್ಮ ತಂದೆಯ ಯೆಜ್ಡಿ ರೋಡ್‌ಕಿಂಗ್ ಇಲ್ಲೇ ನಮ್ಮೂರಿನ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಅದು ಬಾಗಿಲು ಹಾಕಿ ಎಷ್ಟು ವರ್ಷ ಆಯ್ತು, ಗಾಡಿ ಇನ್ನೂ ಓಡುತ್ತಿದೆ. ಫೋರ್ಕಿಗೆ ಯಾವತ್ತೂ 30 ಗ್ರೇಡ್ ಇಂಜಿನ್ ಆಯಿಲ್. ಈಚೆಗೆ ಕಾರಿನ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ಹಾಕಿದೆ, ಲೀಟರಿಗೆ 320. ಹಳೆಯದನ್ನು ಬೇಲಿ ಗೂಟಕ್ಕೆ ಬಳಿದೆ, ಗೆದ್ದಲು ಹತ್ತಲ್ಲ. ಖರ್ಚು ಇಷ್ಟೇ.

ಪೀಣ್ಯ_ಟ್ವಿನ್:
ಎಟಿಎಫ್ ಒಪ್ಪುತ್ತೇನೆ ಸಾರ್. 40 ಡಿಗ್ರಿಯಲ್ಲಿ ಸುಮಾರು 35 ಸೆಂಟಿಸ್ಟೋಕ್ (ಆಯಿಲಿನ ದಪ್ಪದ ಅಳತೆ), ಹೆಚ್ಚುಕಡಿಮೆ 10ಡಬ್ಲ್ಯೂ ಫೋರ್ಕ್ ಆಯಿಲ್ ಇದ್ದ ಹಾಗೆ. ಆದರೆ 30 ಗ್ರೇಡ್ ಇಂಜಿನ್ ಆಯಿಲ್ 90ರ ಆಸುಪಾಸು. ಎರಡೂ ಒಂದೇ ಥರ ಓಡುತ್ತೆ ಅಂದರೆ ಹೇಗೆ? ಬಾಟಲಿ ಮೇಲಿನ ಡಬ್ಲ್ಯೂ ನಂಬಬೇಡಿ. ಒಂದು ಬ್ರ್ಯಾಂಡಿನ 10ಡಬ್ಲ್ಯೂ 33 ಇದ್ದರೆ ಇನ್ನೊಂದರದ್ದು 47.

ಕುಡ್ಲ_ಆರ್‌ಎಕ್ಸ್:
ಅದಿರಲಿ, ಬೇಲಿಗೆ ಆಯಿಲ್ ಬಳಿಯೋದಾ? ನಮ್ಮಲ್ಲಿ ಬೇಲಿಯಿಂದ ಹತ್ತು ಹೆಜ್ಜೆಗೆ ಬಾವಿ. ಮೊದಲ ಮಳೆಗೆ ಎಲ್ಲಾ ಒಳಗೆ. ಪಕ್ಕದ ಮನೆಯವರು ಹೀಗೆ ಮಾಡಿ ನಾವು ಒಂದು ತಿಂಗಳು ಟ್ಯಾಂಕರ್ ನೀರು ಕುಡಿದಿದ್ದೇವೆ. ಗ್ಯಾರೇಜಿನವರ ಡ್ರಮ್ಮಿಗೆ ಹಾಕಿ, ದಯವಿಟ್ಟು.

ಮೈಸೂರು_ರೋಡ್‌ಕಿಂಗ್:
ನಮ್ಮ ಬೇಲಿ, ನಮ್ಮ ಜಾಗ. ಅಲ್ಲಿ ಬಾವಿ ಇಲ್ಲ.

ಕುಡ್ಲ_ಆರ್‌ಎಕ್ಸ್:
ಬೋರ್‌ವೆಲ್ ಇಲ್ವಾ?

ಹೇಮಾವತಿ_411:
ಎಲ್ಲರಿಗೂ ಧನ್ಯವಾದ. ಸಂಜೆ ಪೈಪಿಗೆ ಕೇಬಲ್ ಟೈ ಕಟ್ಟಿ ಅಳೆದೆ. ನನ್ನದರ ಓಟ 200 ಮಿ.ಮೀ. ನಾನೊಬ್ಬನೇ ಕೂತರೆ 76 ಇಳಿಯಿತು. ಹೆಂಡತಿ, ಬ್ಯಾಗ್ ಸೇರಿದರೆ 84.

ಪೀಣ್ಯ_ಟ್ವಿನ್:
76 ಅಂದರೆ ಶೇ. 38. ಸ್ಪ್ರಿಂಗೇ. ಇನ್ನು ಯೋಚನೆ ಮಾಡಬೇಡಿ. ಇಲ್ಲೇ ತಯಾರಾಗೋ ಸ್ಪ್ರಿಂಗ್ ಆದರೆ ನಿಮ್ಮ ಬಜೆಟ್ಟಿನಲ್ಲೇ ಆಗುತ್ತೆ.

ತುಂಗಾತೀರ:
46,000 ಕಿ.ಮೀ. ಹಳೆ ಆಯಿಲ್ ಇಟ್ಟುಕೊಂಡು ಸ್ಪ್ರಿಂಗ್ ಹೋಯ್ತು ಅಂತ ಹೇಗೆ ತೀರ್ಮಾನ? ಮೊದಲು ಆಯಿಲ್ ಹಾಕಿಸಿ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ನೋಡಿಸಿ. ಆ ಠಣ್ ಸದ್ದು ಕೋನ್ ಸೆಟ್ಟಿಂದಲೂ ಬರುತ್ತೆ.

ಪೀಣ್ಯ_ಟ್ವಿನ್:
ನಿಂತ ಗಾಡಿ 76 ಇಳಿಯೋಕೆ ಆಯಿಲಿಗೂ ಕೋನ್ ಸೆಟ್ಟಿಗೂ ಏನು ಸಂಬಂಧ? ಇದನ್ನೇ ಮೊದಲಿಂದ ಹೇಳುತ್ತಿದ್ದೇನೆ.

ಕುಡ್ಲ_ಆರ್‌ಎಕ್ಸ್:
ಸ್ಪ್ರಿಂಗ್ ಆರ್ಡರ್ ಮಾಡೋಕೆ ಮೊದಲು ಪೈಪ್ ಮೇಲೆ ಉಗುರು ಎಳೆದಿರಾ?

ಹೇಮಾವತಿ_411:
ಈಗ ಟಾರ್ಚ್ ಹಿಡಿದು ನೋಡಿ ಬಂದೆ. ಬಲಗಡೆ ನುಣ್ಣಗಿದೆ. ಎಡಗಡೆ ಡಸ್ಟ್ ಸೀಲಿನಿಂದ ಎರಡು ಬೆರಳು ಮೇಲೆ ಉಗುರು ಸಿಕ್ಕಿತು, ಒಂದಲ್ಲ ಎರಡು ಕಡೆ. ಸೀಲಿನ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಅಂಟಿದೆ. ಕ್ರೋಮ್ ಮಾಡಿಸೋಕೆ ಎಷ್ಟು ದಿನ ಹಿಡಿಯಿತು?

ಕುಡ್ಲ_ಆರ್‌ಎಕ್ಸ್:
ಮಳೆಗಾಲದಲ್ಲಿ 19 ದಿನ. ಎರಡು ಬೆರಳು ಮೇಲೆ ಅಂದರೆ ಸೀಲ್ ಓಡಾಡೋ ಜಾಗವೇ, ಬಿಡೋ ಹಾಗಿಲ್ಲ. ಎಡಗಡೆ ಒಂದನ್ನೇ ಕಳಿಸಬೇಡಿ, ಎರಡೂ ಕಳಿಸಿ. ಮುಗಿದ ಮೇಲೆ ಸೈಜ್ 41 ಮಿ.ಮೀ. ಇರಬೇಕು ಅಂತ ಚೀಟಿ ಬರೆದು ಪೈಪಿಗೇ ಅಂಟಿಸಿ. ನನ್ನದು ಮೊದಲ ಸಲ ದಪ್ಪ ಬಂದು, ಪೈಪ್ ಜಾರೋ ಬುಷ್ ಹಿಡಿದುಕೊಂಡಿತ್ತು.